ಹಡಗು ಹತ್ತಿದರೆ ದೇಶ ನೋಡಿದಂತಾಯಿತೆ?



ಇವತ್ತು ನಾನು ಹೇಳಲು ಹೊರಟಿರುವುದು ಕ್ರೂಸ್ ಎಂಬ ವಿಹಾರದ ಹಡಗಿನ ವಿಷಯ. ಇಟಿಕ್ಯಾಲದಂಥ ಊರಲ್ಲಿ ಕುಳಿತು ಸಮುದ್ರದ ಹಡಗಿನ ಮಾತು ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ನಮ್ಮ ನಡಿಗಡ್ಡೆ. ಸಮುದ್ರ ಯಾವ ದಿಕ್ಕಿಗೆ ಹೋದರೂ ದೂರ. ಆದರೆ ಈಗ ನಮ್ಮ ಮಕ್ಕಳು ಹೈದರಾಬಾದಿನಲ್ಲಿ, ಬೆಂಗಳೂರಿನಲ್ಲಿ ನೌಕರಿಗೆ ಇದ್ದಾರೆ. ಕೆಲವರ ಮಕ್ಕಳು ಅದಕ್ಕೂ ಆಚೆ ಇದ್ದಾರೆ. ಅಪ್ಪ-ಅಮ್ಮ ಜನ್ಮವೆಲ್ಲ ಹೊಲ, ಮನೆ, ನೌಕರಿ ಎಂದು ಒಂದೇ ಕಡೆ ಕಳೆದರು, ಒಮ್ಮೆಯಾದರೂ ಹೊರದೇಶ ತೋರಿಸೋಣ ಎಂಬ ಆಸೆ ಆ ಮಕ್ಕಳದು. ಆಗ ಮೊದಲು ಕಣ್ಣಿಗೆ ಬೀಳುವುದು ಹಡಗಿನ ಬಣ್ಣದ ಕರಪತ್ರ. ನಾಲ್ಕು ರಾತ್ರಿ, ಮೂರು ದೇಶ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಓದಿದ್ದು ಮೆಟ್ರಿಕ್ಕಿನವರೆಗೆ. ನಿವೃತ್ತನಾದ ಮೇಲೂ ಮಂದಿ ನನ್ನ ಹತ್ತಿರ ಕಾಗದ ತೋರಿಸಲು ಬರುತ್ತಾರೆ. ಹಾಗೆ ಬಂದವರಲ್ಲಿ ಗದ್ವಾಲ ಕಡೆಯ ನಿವೃತ್ತ ಮಾಸ್ತರರೂ ಅವರ ಮನೆಯವರೂ ಇದ್ದರು. ಸಿಂಗಪುರದಿಂದ ಹೊರಟು ಮಲೇಷ್ಯಾ, ಥಾಯ್ಲೆಂಡ್ ಮುಟ್ಟಿ ಮತ್ತೆ ಸಿಂಗಪುರಕ್ಕೆ ಬರುವ ಹಡಗಿನ ಕರಪತ್ರವನ್ನು ಮಗಳು ಕಳಿಸಿದ್ದಳು. ಅವರ ಕೈಯಲ್ಲಿ ಇದ್ದದ್ದು ಒಂದೇ ಒಂದು ಪ್ರವಾಸಕ್ಕೆ ಸಾಕಾಗುವ ರೊಕ್ಕ. ಅಮ್ಮನವರಿಗೆ ಮೊಣಕಾಲು ನೋವು, ಇನ್ನು ಎರಡು ವರ್ಷ ಬಿಟ್ಟರೆ ಹೋಗುವುದೇ ಆಗುವುದಿಲ್ಲ. ಆದ್ದರಿಂದ ಈ ಒಂದು ಪ್ರವಾಸ ಹಡಗಿನಲ್ಲೇ ಆಗಬೇಕೋ ಬೇಡವೋ ಎಂಬುದು ಅವರ ಪ್ರಶ್ನೆ. ನಾಳೆ ನಿಮ್ಮದೂ ಆಗಬಹುದು.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ಹಿಂದಿನವರು ಹಡಗು ಹತ್ತುತ್ತಿದ್ದ ಕಾರಣವೇ ಬೇರೆ. 1888ರಲ್ಲಿ ಗಾಂಧೀಜಿ ಬ್ಯಾರಿಸ್ಟರ್ ಓದಲು ಮುಂಬಯಿಯಲ್ಲಿ ಹಡಗು ಹತ್ತಿದಾಗ ಅವರ ಜಾತಿಯವರು ಬಹಿಷ್ಕಾರ ಹಾಕಿದ್ದರು. ನಮ್ಮ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದದ್ದೂ ಸಮುದ್ರದ ದಾರಿಯಿಂದಲೇ. ಆ ಯಾನದ ಫಲವಾಗಿ ‘ಸಮುದ್ರಗೀತೆಗಳು’ ಕನ್ನಡಕ್ಕೆ ಬಂದವು, ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಬರಹವೂ ಬಂತು. ಆದರೆ ಅವರು ನೀರಿನ ಮೇಲೆ ಕಳೆದದ್ದು ಕೆಲವು ವಾರ, ಆ ನೆಲದ ಮೇಲೆ ಇದ್ದದ್ದು ಎರಡು ವರ್ಷ. ಹಜ್ ಯಾತ್ರಿಕರು ಮುಂಬಯಿಯಿಂದ ಜೆಡ್ಡಾಕ್ಕೆ ಹಡಗಿನಲ್ಲಿ ಹೋಗುತ್ತಿದ್ದರು. ಆ ಹಡಗಿನ ಯಾತ್ರೆ 1995ರಲ್ಲಿ ನಿಂತಿತು. ಅವರೆಲ್ಲರಿಗೂ ಹಡಗು ಎಂದರೆ ದಾರಿ. ಹತ್ತಿದ ಕಡೆ ಒಂದು, ಇಳಿಯುವ ಕಡೆ ಇನ್ನೊಂದು.

ವಿಮಾನ ಬಂದು ಆ ದಾರಿಯನ್ನು ಕಿತ್ತುಕೊಂಡಿತು. 1948ರ ಜೂನ್ 8ರಂದು ಏರ್ ಇಂಡಿಯಾದ ಮೊದಲ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಮುಂದೆ ಜೆಟ್ ವಿಮಾನಗಳು ಬಂದ ಮೇಲೆ ಊರಿಂದೂರಿಗೆ ಜನ ಒಯ್ಯುವ ಹಡಗಿಗೆ ಕೆಲಸವೇ ಉಳಿಯಲಿಲ್ಲ. ಕಂಪನಿಯವರು ಹಡಗನ್ನೇ ತೇಲುವ ಲಾಡ್ಜ್ ಮಾಡಿದರು. ಊಟ, ಈಜುಕೊಳ, ನಾಟಕ, ಸಂಗೀತ ಎಲ್ಲ ಒಳಗೇ. 2024ರ ಜನವರಿಯಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ ಎಂಬ ಹಡಗಿಗೆ 20 ಅಂತಸ್ತು. ಪೂರ್ತಿ ತುಂಬಿದರೆ 7,600 ಪ್ರಯಾಣಿಕರು, ಅವರ ಸೇವೆಗೆ ಇರುವ ಕೆಲಸದವರು ಬೇರೆ. ನಮ್ಮ ಕಡೆಯ ಎಷ್ಟು ಹಳ್ಳಿಗಳ ಜನ ಅದರಲ್ಲಿ ಹಿಡಿಸುತ್ತಾರೆ ನೀವೇ ಲೆಕ್ಕ ಹಾಕಿ. ಇಂಥ ಹಡಗು ಸಾಮಾನ್ಯವಾಗಿ ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ಸೇರುತ್ತದೆ. ಎಂದರೆ ನೀವು ಕೊಂಡದ್ದು ಲಾಡ್ಜಿನ ಕೋಣೆ. ನಡುವೆ ಸಿಗುವ ದೇಶಗಳು ಆ ಲಾಡ್ಜಿನ ಕಿಟಕಿಯಲ್ಲಿ ಕಾಣುವ ನೋಟ.

ಮಾಸ್ತರರ ಕರಪತ್ರ ತೆಗೆದುಕೊಂಡು ನಾನು ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ವೇಳಾಪಟ್ಟಿ ನೋಡಿದೆ. ಬ್ಯಾಂಕಿನಲ್ಲಿ ಕಲಿತ ಅಭ್ಯಾಸ ಅದು. ಮೊದಲ ದಿನ ಸಂಜೆ 5ಕ್ಕೆ ಸಿಂಗಪುರ ಬಿಡುವುದು. ಎರಡನೆಯ ದಿನ ಬೆಳಿಗ್ಗೆ 8ಕ್ಕೆ ಮಲೇಷ್ಯಾದ ಪೋರ್ಟ್ ಕ್ಲಾಂಗ್, ಸಂಜೆ 5ಕ್ಕೆ ಅಲ್ಲಿಂದ ಹೊರಡುವುದು. ಮೂರನೆಯ ದಿನ ಬೆಳಿಗ್ಗೆ 11ಕ್ಕೆ ಥಾಯ್ಲೆಂಡಿನ ಫುಕೆಟ್, ರಾತ್ರಿ 8ಕ್ಕೆ ಬಿಡುವುದು. ನಾಲ್ಕನೆಯ ದಿನ ಪೂರ್ತಿ ಸಮುದ್ರ. ಐದನೆಯ ದಿನ ಬೆಳಿಗ್ಗೆ 7ಕ್ಕೆ ಮತ್ತೆ ಸಿಂಗಪುರ.

ಈಗ ಕೂಡಿಸಿ. ಹೊರಟಲ್ಲಿಂದ ಮುಟ್ಟುವವರೆಗೆ 86 ತಾಸು. ಬಂದರಿನಲ್ಲಿ ಹಡಗು ನಿಲ್ಲುವುದು 9 ಮತ್ತು 9, ಒಟ್ಟು 18 ತಾಸು. ಹಡಗು ನಿಂತ ಕೂಡಲೇ ಇಳಿಯಲು ಬರುವುದಿಲ್ಲ. ಆ ದೇಶದ ಅಧಿಕಾರಿಗಳ ಅನುಮತಿ ಬರಬೇಕು, ಸಾವಿರಾರು ಜನ ಸಾಲಾಗಿ ಇಳಿಯಬೇಕು, ಅದಕ್ಕೆ ಒಂದು ತಾಸು. ಹೊರಡುವುದಕ್ಕೆ ಮುಂಚೆ ವಾಪಸು ಬಂದು ಹತ್ತಿರಬೇಕು, ಅದಕ್ಕೆ ಇನ್ನೊಂದು. ಎರಡು ಬಂದರಿಗೆ ನಾಲ್ಕು ತಾಸು ಹೋಯಿತು, ಉಳಿದದ್ದು 14. ಪೋರ್ಟ್ ಕ್ಲಾಂಗಿನಿಂದ ರಾಜಧಾನಿ ಕ್ವಾಲಾಲಂಪುರಕ್ಕೆ ಹೋಗಿ ಬರಲು ರಸ್ತೆಯ ಮೇಲೆ ಎರಡು, ಎರಡೂವರೆ ತಾಸು. ಫುಕೆಟಿನಲ್ಲಿ ದೊಡ್ಡ ಹಡಗು ದಡದಿಂದ ದೂರ ಲಂಗರು ಹಾಕಿದರೆ ಸಣ್ಣ ದೋಣಿಯಲ್ಲಿ ದಡ ಸೇರಬೇಕು, ಅಲ್ಲಿ ಇನ್ನಷ್ಟು ಹೋಗುತ್ತದೆ. ಕೊನೆಗೆ ಕೈಗೆ ಉಳಿದದ್ದು ಸುಮಾರು 11 ತಾಸು. 86ರಲ್ಲಿ 11, ಎಂಟು ತಾಸು ಪ್ರಯಾಣಕ್ಕೆ ಒಂದು ತಾಸು ನೆಲ. ಅದೂ ಹಗಲಿನ ತಾಸು. ಮಲೇಷ್ಯಾದಲ್ಲಿ ಒಂದು ರಾತ್ರಿ ಇಲ್ಲ, ಥಾಯ್ಲೆಂಡಿನಲ್ಲೂ ಇಲ್ಲ. ಮೂರನೆಯ ದೇಶ ಸಿಂಗಪುರ ಎಂದು ಎಣಿಸಿದ್ದಾರಲ್ಲ, ಅಲ್ಲಿ ವಿಮಾನ ಇಳಿದು ಬಂದರಿಗೆ ಹೋಗುವುದೇ ನೋಡುವುದು.

ಮಾಸ್ತರರು ಸುಮ್ಮನೆ ಕೇಳಿಸಿಕೊಂಡು, “ಮೂವತ್ತು ವರ್ಷ ಭೂಪಟದಾಗ ಕೋಲು ಇಟ್ಟು ತೋರಿಸೀನ್ರೀ. ಒಮ್ಮೆ ಕಾಲಿಟ್ಟು ನೋಡಬೇಕಂತ ಇತ್ತು” ಎಂದರು. ಅವರ ಮನೆಯವರು ನಕ್ಕು ಹೇಳಿದ ಮಾತು ಬೇರೆ. “ನನಗ ದೇಶ ಗೀಶ ಬ್ಯಾಡ್ರೀ. ಸುತ್ತೂ ನೀರು ಇರಬೇಕು, ಅಡಿಗಿ ಚಿಂತಿ ಇರಬಾರದು, ನಾಕು ದಿನ ಕುಂತು ನೋಡಬೇಕು.” ಒಂದೇ ಕರಪತ್ರ ಹಿಡಿದು ಬಂದ ಇಬ್ಬರೂ ಎರಡು ಬೇರೆ ವಸ್ತು ಕೊಳ್ಳಲು ಬಂದಿದ್ದರು. ಹಡಗಿನ ವಿಷಯದಲ್ಲಿ ಬಹಳ ಮನೆಗಳಲ್ಲಿ ಹೀಗೇ ಇರುತ್ತದೆ, ಯಾರೂ ಬಾಯಿ ಬಿಟ್ಟು ಹೇಳಿರುವುದಿಲ್ಲ.

ಬಂದರು ಎಂದರೆ ಊರಲ್ಲ ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ರೈಲು ದಾರಿಯಲ್ಲಿ ಆಲಂಪುರ ರೋಡ್ ಇದೆ, ವನಪರ್ತಿ ರೋಡ್ ಇದೆ. ರಾಯಚೂರಿನ ಆಚೆ ಮಂತ್ರಾಲಯಂ ರೋಡ್ ಇದೆ. ಸ್ಟೇಷನ್ನಿನ ಹೆಸರಿನಲ್ಲಿ ‘ರೋಡ್’ ಎಂದು ಕಂಡರೆ ಊರು ಇನ್ನೂ ಮುಂದಿದೆ, ಆಟೋ ಹಿಡಿಯಬೇಕು ಎಂದು ಮಕ್ಕಳಿಗೂ ಗೊತ್ತು. ರೈಲ್ವೆಯವರು ಆ ಮಟ್ಟಿಗೆ ಪ್ರಾಮಾಣಿಕರು. ಹಡಗಿನ ಕರಪತ್ರದಲ್ಲಿ ಆ ‘ರೋಡ್’ ಎಂಬ ಪದ ಇರುವುದಿಲ್ಲ. ರೋಮ್ ಎಂದು ಬರೆದಿರುತ್ತಾರೆ, ಹಡಗು ನಿಲ್ಲುವುದು ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ, ಅಲ್ಲಿಂದ ರೋಮ್ 70–80 ಕಿಲೋಮೀಟರು. ಪ್ಯಾರಿಸ್ ಎಂದಿರುತ್ತದೆ, ನಿಲ್ಲುವುದು ಲ ಆವ್ರ್ ಬಂದರು, ಪ್ಯಾರಿಸ್ ಸುಮಾರು 200 ಕಿಲೋಮೀಟರು ದೂರ. ಬ್ಯಾಂಕಾಕ್ ಎಂದರೆ ಬಹಳ ಸಲ ಲೆಮ್ ಚಬಾಂಗ್, ಅಲ್ಲಿಂದ 120 ಕಿಲೋಮೀಟರಿನ ಮೇಲೆ. ಇಟಲಿಯ ವೆನಿಸ್ ನಗರದ ಮುಂದೆಯೇ ದೊಡ್ಡ ಹಡಗುಗಳು ಹಾದು ಹೋಗುತ್ತಿದ್ದವು. ಹಳೆಯ ಕಟ್ಟಡಗಳಿಗೂ ನೀರಿಗೂ ಕೇಡು ಎಂದು 2021ರ ಆಗಸ್ಟಿನಿಂದ ಆ ದಾರಿ ಮುಚ್ಚಿದರು. ಆಮೇಲೆ ಕೆಲವು ಹಡಗುಗಳು ರವೆನ್ನಾ ಎಂಬ ಬೇರೆಯೇ ಊರಿನಲ್ಲಿ ನಿಂತು, ವೆನಿಸ್ ಎಂದು ದೊಡ್ಡದಾಗಿ, ರವೆನ್ನಾ ಎಂದು ಪಕ್ಕದಲ್ಲಿ ಸಣ್ಣದಾಗಿ ಬರೆಯತೊಡಗಿದವು.

ಇನ್ನೊಂದು ಮಾತು. ಕುರುವಪುರಕ್ಕೆ, ಮಖ್ತಲ್ ಕಡೆಯಿಂದಾಗಲಿ ರಾಯಚೂರು ಕಡೆಯಿಂದಾಗಲಿ, ಹರಿಗೋಲಿನಲ್ಲಿ ಕೃಷ್ಣೆ ದಾಟಿ ಹೋದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಪೂಜೆ ತಡವಾದರೆ ಹರಿಗೋಲಿನವ ಬೈದುಕೊಂಡಾದರೂ ಕಾಯುತ್ತಾನೆ. ಹಡಗು ಕಾಯುವುದಿಲ್ಲ. ಹಡಗಿನವರೇ ಕರೆದೊಯ್ದ ಬಸ್ಸು ತಡವಾದರೆ ಕಾಯುವುದುಂಟು. ನೀವು ಸ್ವಂತ ಟ್ಯಾಕ್ಸಿ ಮಾಡಿಕೊಂಡು ಹೋಗಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡರೆ ಹಡಗು ಹೊರಟೇ ಹೋಗುತ್ತದೆ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಹೋಗಿ ಹಿಡಿಯಬೇಕು. ಈ ಭಯಕ್ಕೇ ಜನ ಹಡಗಿನವರ ಬಸ್ಸು ಕೊಳ್ಳುತ್ತಾರೆ, ಅದು ದುಬಾರಿ. ಆ ಬಸ್ಸಿನಲ್ಲಿ ಹೋದರೆ ಗಡಿಯಾರ ಹಿಡಿದ ಮಾರ್ಗದರ್ಶಿ, ಎರಡು ದೇವಸ್ಥಾನ, ಒಂದು ಅಂಗಡಿ, ವಾಪಸು.

ನಾವು ಗಡಿಯ ಮಂದಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಎರಡೂ ನಾಲಿಗೆಯ ಮೇಲೆ ಇವೆ. ಈ ಎರಡನೆಯ ಭಾಷೆ ನಮಗೆ ಹೇಗೆ ಬಂತು? ಸಂಜೆ ಕಟ್ಟೆಯ ಮೇಲೆ ಕೂತು, ಮದುವೆ ಮನೆಯಲ್ಲಿ ಉಂಡು, ಹತ್ತಿಯ ದರಕ್ಕೆ ಜಗಳಾಡಿ ಬಂತು. ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ನಾಲ್ಕು ತಾಸು ನಿಂತು ಹೋದ ಹೊರಗಿನವನು ರಾಯಚೂರು ನೋಡಿದೆ ಎಂದರೆ ನಾವು ಒಪ್ಪುತ್ತೇವೆಯೇ? ಹಡಗಿನ ಪ್ರಯಾಣಿಕ ಊಟವನ್ನೂ ಹಡಗಿನಲ್ಲೇ ಮಾಡುತ್ತಾನೆ, ಈಗಾಗಲೇ ರೊಕ್ಕ ಕಟ್ಟಿದ್ದಾನಲ್ಲ. ಆ ದೇಶದ ಚಹಾ ಕುಡಿಯುವುದಕ್ಕೂ ಅವನಿಗೆ ಕಾರಣ ಸಿಗುವುದಿಲ್ಲ.

ಹಾಗೆಂದು ಹಡಗೇ ಬೇಡ ಎಂದು ನಾನು ಹೇಳುವುದಿಲ್ಲ. ಭೂಮಿಯೇ ನೀರಿಗೆ ಮುಖ ಮಾಡಿ ನಿಂತಿರುವ ಕಡೆ ಹಡಗಿಗಿಂತ ಒಳ್ಳೆಯ ವಾಹನ ಇಲ್ಲ. ಈಜಿಪ್ಟಿನ ನೈಲ್ ನದಿಯಲ್ಲಿ ಲುಕ್ಸರಿನಿಂದ ಅಸ್ವಾನಿಗೆ ಮೂರು ನಾಲ್ಕು ರಾತ್ರಿಯ ನದಿ ಹಡಗು ಹೋಗುತ್ತದೆ. ಲುಕ್ಸರಿನ ದೇವಾಲಯ ದಡದಲ್ಲೇ ಇದೆ, ಕೋಮ್ ಓಂಬೋ ದೇವಾಲಯವಂತೂ ಹಡಗಿನಿಂದಲೇ ಕಾಣುತ್ತದೆ, ಇಳಿದು ನಡೆದು ಹೋಗಬಹುದು. ಆ ನಾಗರಿಕತೆಯೇ ನದಿಯ ಅಂಚಿನಲ್ಲಿ ಬೆಳೆದದ್ದು, ಆದ್ದರಿಂದ ನದಿಯ ದಾರಿಯೇ ಅದನ್ನು ನೋಡುವ ದಾರಿ. ಯುರೋಪಿನ ಡ್ಯಾನ್ಯೂಬ್ ನದಿಯ ಹಡಗು ವಿಯೆನ್ನಾ, ಬುಡಾಪೆಸ್ಟ್ ನಗರಗಳ ಒಳಗೇ ನಿಲ್ಲುತ್ತದೆ. ನಾರ್ವೆಯಲ್ಲಿ ಸಮುದ್ರ ಬೆಟ್ಟಗಳ ನಡುವೆ ನುಗ್ಗಿದ ಕಡೆ, ಅಲಾಸ್ಕಾದ ಹಿಮನದಿಗಳು ನೀರಿಗೆ ಇಳಿಯುವ ಕಡೆ, ಇಲ್ಲೆಲ್ಲ ಹಡಗಿನ ಮೇಲೆ ಕುಳಿತೇ ನೋಡುವ ಮುಖ್ಯ ವಸ್ತು ಕಾಣುತ್ತದೆ, ಬಂದರಿನಲ್ಲಿ ಇಳಿಯುವುದು ಎರಡನೆಯ ಮಾತು. ನಮ್ಮ ದೇಶದಲ್ಲೇ 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ’ ಬಾಂಗ್ಲಾದೇಶದ ಮೂಲಕ ಹಾದು ಅಸ್ಸಾಮಿನ ದಿಬ್ರುಗಡಕ್ಕೆ ಹೋಯಿತು. 3,200 ಕಿಲೋಮೀಟರಿನ, 51 ದಿನಗಳ ಕಾರ್ಯಕ್ರಮ. ಮೊದಲ ಯಾನದಲ್ಲಿ ಇದ್ದವರು ಸ್ವಿಟ್ಜರ್ಲೆಂಡಿನ 32 ಜನ. ಅದರ ದರ ನಮ್ಮಂಥವರಿಗಲ್ಲ ಬಿಡಿ. ಆದರೆ ನದಿಯ ಮೇಲೆ ನಿಧಾನ ಹೋದರೆ ಊರುಗಳು ಹತ್ತಿರ ಬರುತ್ತವೆ ಎಂಬುದನ್ನು ಎರಡು ನದಿಗಳ ನಡುವೆ ಬಾಳುವ ನಮಗೆ ಯಾರೂ ಕಲಿಸಬೇಕಿಲ್ಲ.

ಇನ್ನು ಕಾಲಿನ ತೊಂದರೆ ಇದ್ದವರಿಗೆ, ವಯಸ್ಸಾದವರಿಗೆ ಸಮುದ್ರದ ಹಡಗಿನಲ್ಲೂ ನಿಜವಾದ ಅನುಕೂಲ ಇದೆ. ಪೆಟ್ಟಿಗೆ ಒಂದೇ ಸಲ ಬಿಚ್ಚಿದರೆ ಆಯಿತು. ದಿನಕ್ಕೊಂದು ಲಾಡ್ಜು, ಬೆಳಿಗ್ಗೆ ಐದಕ್ಕೆ ಬಸ್ಸು ಎಂಬ ಗೋಳು ಇಲ್ಲ. ಲಿಫ್ಟು ಇದೆ, ವೈದ್ಯರು ಇದ್ದಾರೆ, ಬೇಸರವಾದರೆ ಇಳಿಯದೆ ಮಲಗಬಹುದು. ಬಸ್ಸಿನಲ್ಲಿ ಹತ್ತು ದಿನ ಯುರೋಪ್ ಸುತ್ತಿ ಬಂದವರನ್ನು ಕೇಳಿ ನೋಡಿ, ಅರ್ಧ ದೇಶಗಳನ್ನು ಅವರೂ ಬಸ್ಸಿನ ಕಿಟಕಿಯಲ್ಲೇ ನೋಡಿರುತ್ತಾರೆ, ಮೇಲೆ ಸೊಂಟ ನೋವು ಬೇರೆ.

ರೊಕ್ಕದ ಮಾತಿಗೆ ಬರೋಣ. ಕರಪತ್ರದ ಮೇಲಿನ ದರ ಒಬ್ಬರಿಗೆ, ಅದೂ ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ. ಗಂಡ ತೀರಿಕೊಂಡ ಹೆಣ್ಣುಮಗಳು ಒಬ್ಬಳೇ ಹೋಗುತ್ತೇನೆಂದರೆ ಹೆಚ್ಚುಕಡಿಮೆ ಇಬ್ಬರ ದರ ಕೊಡಬೇಕು. ಇದು ನನಗೆ ಸರಿ ಕಾಣುವುದಿಲ್ಲ, ಆದರೆ ರೂಢಿ ಹಾಗಿದೆ. ಕೋಣೆಗಳಲ್ಲಿ ಕಿಟಕಿ ಇಲ್ಲದ್ದು, ಕಿಟಕಿ ಇದ್ದದ್ದು, ಬಾಲ್ಕನಿ ಇದ್ದದ್ದು ಎಂದು ತರಗತಿ ಇವೆ. ದಪ್ಪ ಅಕ್ಷರದ ದರ ಕಿಟಕಿ ಇಲ್ಲದ್ದಕ್ಕೆ. ಅದರ ಮೇಲೆ ಬಂದರು ಶುಲ್ಕ ಮತ್ತು ತೆರಿಗೆ. ಅದರ ಮೇಲೆ ಭಕ್ಷೀಸು, ಇದನ್ನು ದೊಡ್ಡ ಕಂಪನಿಗಳು ದಿನಕ್ಕೆ ಇಷ್ಟು ಡಾಲರ್ ಎಂದು ಬಿಲ್ಲಿಗೇ ಸೇರಿಸುತ್ತವೆ. ತಲೆಗೆ ದಿನಕ್ಕೆ 18 ಡಾಲರ್ ಎಂದು ಹಿಡಿದರೆ ಇಬ್ಬರಿಗೆ ನಾಲ್ಕು ರಾತ್ರಿಗೆ 144 ಡಾಲರ್. ರೂಪಾಯಿಯಲ್ಲಿ ಅದು 12,000 ದಾಟುತ್ತದೆ. ಆಮೇಲೆ ಸಿಂಗಪುರದವರೆಗಿನ ವಿಮಾನ, ವೀಸಾ, ವಿಮೆ, ಬಂದರಿನಲ್ಲಿ ಸುತ್ತುವ ಬಸ್ಸು. ಹಡಗು ಹೊರಡುವ ದಿನವೇ ವಿಮಾನ ಇಳಿಯುವಂತೆ ಟಿಕೆಟ್ ಮಾಡಿಸಬೇಡಿ, ವಿಮಾನ ತಡವಾದರೆ ಹಡಗೂ ಹೋಯಿತು. ಆದ್ದರಿಂದ ಹಿಂದಿನ ರಾತ್ರಿಯ ಲಾಡ್ಜಿನ ಖರ್ಚು ಸೇರಿಸಿ. ಹೀಗೆ ಕೂಡಿಸುತ್ತ ಹೋದರೆ ಕರಪತ್ರದ ಅಂಕಿಯ ಎರಡರಷ್ಟಾದರೂ ಆಶ್ಚರ್ಯವಿಲ್ಲ.

ಹಡಗಿನ ಒಳಗೆ ನೋಟು ನಡೆಯುವುದಿಲ್ಲ. ಒಂದು ಕಾರ್ಡು ಕೊಡುತ್ತಾರೆ, ಕೋಣೆಯ ಬೀಗವೂ ಅದೇ, ಖಾತೆಯೂ ಅದೇ. ತಂಪು ಪಾನೀಯ, ಬಟ್ಟೆ ಒಗೆಸುವುದು, ಇಂಟರ್‌ನೆಟ್ಟು, ಎಲ್ಲ ಅದರಲ್ಲೇ ಬರೆಯುತ್ತಾ ಹೋಗಿ ಕೊನೆಯ ದಿನ ಬಿಲ್ಲು ಬರುತ್ತದೆ. ನಮ್ಮ ಊರಿನ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದ ಹಾಗೆ. ದಿನಾ ರಾತ್ರಿ ಲೆಕ್ಕ ಕೇಳಿ ನೋಡಿಕೊಳ್ಳಿ. ಆ ಬಿಲ್ಲನ್ನು ಇಲ್ಲಿನ ಸಾಧಾರಣ ಕ್ರೆಡಿಟ್ ಕಾರ್ಡಿನಿಂದ ತೀರಿಸಿದರೆ ವಿದೇಶಿ ವಿನಿಮಯದ ಶುಲ್ಕ, ಅದರ ಮೇಲೆ ಜಿಎಸ್‌ಟಿ ಬೀಳುತ್ತದೆ. ಹೊರಡುವ ಮೊದಲು ನಿಮ್ಮ ಬ್ಯಾಂಕಿನಲ್ಲಿ ಫಾರೆಕ್ಸ್ ಕಾರ್ಡಿನ ದರ ವಿಚಾರಿಸಿ ಹೋಲಿಸಿ.

ಇನ್ನೊಂದು ಕಡಿತ ನೋಡಿ ಜನ ಗಾಬರಿಯಾಗುತ್ತಾರೆ. ಹೊರದೇಶದ ಪ್ರವಾಸದ ಪ್ಯಾಕೇಜು ಮಾರುವವರು 2020ರ ಅಕ್ಟೋಬರಿನಿಂದ ಟಿಸಿಎಸ್ ಎಂದು ಆದಾಯ ತೆರಿಗೆಯ ಪರವಾಗಿ ಒಂದಿಷ್ಟು ವಸೂಲು ಮಾಡುತ್ತಾರೆ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗಿದೆ, ಆ ದಿನದ ದರ ಕೇಳಿಕೊಳ್ಳಿ. ಇದು ಕಳೆದುಹೋದ ರೊಕ್ಕವಲ್ಲ. ನಿಮ್ಮ ಪ್ಯಾನ್ ನಂಬರಿನ ಮೇಲೆ ಜಮಾ ಆಗಿರುತ್ತದೆ. ನಿಮಗೆ ತೆರಿಗೆ ಬರದಿದ್ದರೂ ರಿಟರ್ನ್ ಸಲ್ಲಿಸಿದರೆ ವಾಪಸು ಬರುತ್ತದೆ, ಸಲ್ಲಿಸದಿದ್ದರೆ ಬರುವುದಿಲ್ಲ. ಮತ್ತೆ, ಇದಕ್ಕಾಗಿ ಮುದ್ದತಿನ ಠೇವಣಿ ನಡುವೆ ಮುರಿಯಬೇಡಿ, ಬಡ್ಡಿ ಕಡಿಮೆಯಾಗುತ್ತದೆ. ಠೇವಣಿ ಮುಗಿಯುವ ತಿಂಗಳು ನೋಡಿಕೊಂಡು ಪ್ರವಾಸ ಇಟ್ಟುಕೊಳ್ಳಿ. ಹಡಗಿನ ಟಿಕೆಟ್ ರದ್ದು ಮಾಡಿದರೆ, ಹೊರಡುವ ದಿನ ಹತ್ತಿರವಾದಷ್ಟೂ ವಾಪಸು ಬರುವುದು ಕಡಿಮೆ, ಕೊನೆಗೆ ಏನೂ ಇಲ್ಲ. ಆ ಪಟ್ಟಿಯನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಇಸಿದುಕೊಳ್ಳಿ.

ಕಾಗದಪತ್ರದಲ್ಲಿ ಹಡಗಿಗೆ ಒಂದು ವಿಶೇಷ ತೊಡಕು ಇದೆ. ಸಿಂಗಪುರ ಬಿಟ್ಟು ಹೊರಗೆ ಹೋಗಿ ಮತ್ತೆ ಸಿಂಗಪುರಕ್ಕೆ ಬರುತ್ತೀರಿ, ಎಂದರೆ ಎರಡು ಸಲ ಪ್ರವೇಶ. ಒಂದೇ ಪ್ರವೇಶದ ವೀಸಾ ಸಾಲದು. ಯುರೋಪಿನಲ್ಲೂ ಷೆಂಗೆನ್ ದೇಶಗಳಿಂದ ಹೊರಟು ತುರ್ಕಿಯನ್ನೋ ಇಂಗ್ಲೆಂಡನ್ನೋ ಮುಟ್ಟಿ ವಾಪಸಾಗುವ ಹಡಗಿಗೆ ಹಲವು ಪ್ರವೇಶದ ವೀಸಾ ಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಅವಧಿ ಉಳಿದಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಕೈಚೀಲದಲ್ಲೇ ಇರಲಿ, ಏಕೆಂದರೆ ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆ ನಿಮ್ಮ ಕೋಣೆಗೆ ಬರಲು ಕೆಲವು ತಾಸು ಹಿಡಿಯುತ್ತದೆ. ಹಡಗಿನ ವೈದ್ಯರ ಬಿಲ್ಲು ದುಬಾರಿ, ಆದ್ದರಿಂದ ಸಮುದ್ರ ಯಾನವನ್ನೂ ಒಳಗೊಂಡ ಪ್ರವಾಸ ವಿಮೆ ಬೇಕೇ ಬೇಕು. ಇಲ್ಲಿನ ಆಸ್ಪತ್ರೆಯ ವಿಮೆ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ.

ಅಪಾಯದ ಮಾತೂ ಮುಚ್ಚಿಡಬಾರದು. 2012ರ ಜನವರಿ 13ರಂದು ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಇಟಲಿಯ ಒಂದು ದ್ವೀಪದ ಬಳಿ ಬಂಡೆಗೆ ತಗುಲಿ 32 ಜನ ಸತ್ತರು. ಆಗ ಹೊಸದಾಗಿ ಹತ್ತಿದ ಬಹಳ ಜನರಿಗೆ ಅಪಾಯದ ಕವಾಯತು ಇನ್ನೂ ಆಗಿರಲಿಲ್ಲ. ಆ ಬಳಿಕ ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಅದನ್ನು ಮಾಡಬೇಕೆಂದು ನಿಯಮವಾಯಿತು. ಹೊಟ್ಟೆ ಹಸಿದಿದೆ ಎಂದು ಅದನ್ನು ತಪ್ಪಿಸಬೇಡಿ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೋಕೋಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೋನಾದ ಕಾರಣ ತಡೆದು ನಿಲ್ಲಿಸಿದರು. ಒಳಗಿದ್ದ 3,711 ಜನರಲ್ಲಿ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಆ ಹಡಗಿನಲ್ಲಿ ಭಾರತೀಯರು 138 ಮಂದಿ ಇದ್ದರು. ಪ್ರಯಾಣಿಕರು ಅವರಲ್ಲಿ 6 ಮಾತ್ರ, ಉಳಿದ 132 ಜನ ಕೆಲಸದವರು. ನಮ್ಮ ಕರಾವಳಿಯ ಕಾರವಾರ, ಉಡುಪಿ, ಮಂಗಳೂರು ಕಡೆಯ ಹುಡುಗರು ಇಂಥ ಹಡಗುಗಳಲ್ಲಿ ತಿಂಗಳುಗಟ್ಟಲೆ ದುಡಿಯುತ್ತಾರೆ. ಊಟ ಬಡಿಸುವವನು ಕನ್ನಡದವನಾಗಿದ್ದರೆ ಆಶ್ಚರ್ಯಪಡಬೇಡಿ. ಎಷ್ಟು ದೇಶ ನೋಡಿದೆ ತಮ್ಮಾ ಎಂದು ಅವನನ್ನು ಕೇಳಿ. ಪ್ರಯಾಣಿಕರಿಗೆ ಸಿಗುವ ನಾಲ್ಕು ತಾಸೂ ಅವನಿಗೆ ದಿನಾ ಸಿಗುವುದಿಲ್ಲ.

ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ, ಶ್ರೀಲಂಕೆಯದು. 2023ರ ಜೂನ್ ತಿಂಗಳಲ್ಲಿ ಚೆನ್ನೈಯಿಂದ ‘ಎಂಪ್ರೆಸ್’ ಎಂಬ ಕಾರ್ಡೇಲಿಯಾ ಕಂಪನಿಯ ಹಡಗು ಹಂಬನ್‌ತೋಟ, ತ್ರಿಂಕೋಮಲಿ, ಕಾಂಕೇಸಂತುರೈ ಬಂದರುಗಳಿಗೆ ಯಾನ ಆರಂಭಿಸಿತು. ಅದೇ ವರ್ಷ ಅಕ್ಟೋಬರ್ 14ರಂದು ನಾಗಪಟ್ಟಣದಿಂದ ಕಾಂಕೇಸಂತುರೈಗೆ ಸಾದಾ ಪ್ರಯಾಣಿಕರ ದೋಣಿಯೂ ಶುರುವಾಯಿತು. ಕೆಲವೇ ದಿನಗಳಲ್ಲಿ ನಿಂತು, 2024ರ ಆಗಸ್ಟಿನಲ್ಲಿ ಮತ್ತೆ ಆರಂಭವಾಯಿತು. ಎರಡರ ಕೆಲಸವೂ ಬೇರೆ. ಕ್ರೂಸ್ ನಿಮ್ಮನ್ನು ಬಂದರು ತೋರಿಸಿ ವಾಪಸು ತರುತ್ತದೆ. ದೋಣಿ ಸುಮಾರು ನಾಲ್ಕು ತಾಸಿನಲ್ಲಿ ಆಚೆ ದಡಕ್ಕೆ ಇಳಿಸಿ ಬಿಟ್ಟುಬಿಡುತ್ತದೆ, ಅಲ್ಲಿಂದ ಜಾಫ್ನಾ ಹತ್ತಿರ, ಮುಂದೆ ರೈಲು ಹಿಡಿದು ಅನುರಾಧಪುರ ನೋಡಬಹುದು. ಕ್ಯಾಂಡಿಯ ದಂತ ಮಂದಿರ ಬೆಟ್ಟದ ನಾಡಿನಲ್ಲಿದೆ, ಸಮುದ್ರದಿಂದ ಅದು ಕಾಣುವುದಿಲ್ಲ. ಶ್ರೀಲಂಕೆಯನ್ನು ನೋಡಬೇಕೆಂದಿರುವವರಿಗೆ ದೋಣಿಯೋ ವಿಮಾನವೋ ಸರಿ. ಸಮುದ್ರ ನೋಡಬೇಕೆಂದಿರುವವರಿಗೆ ಕ್ರೂಸ್ ಸರಿ. ಎರಡೂ ಹವಾಮಾನ, ಋತುವಿನ ಮೇಲೆ ನಡೆಯುವಂಥವು, ಹೊರಡುವ ಮೊದಲು ವಿಚಾರಿಸಲೇಬೇಕು.

ಮಾಸ್ತರರ ಮನೆಯಲ್ಲಿ ಹದಿನೈದು ದಿನ ಚರ್ಚೆಯಾಯಿತು. ಕಿಟಕಿ ಇಲ್ಲದ ಕೋಣೆ ತೆಗೆದುಕೊಂಡು ಉಳಿದ ರೊಕ್ಕವನ್ನು ನೆಲದ ಮೇಲೆ ಖರ್ಚು ಮಾಡೋಣ ಎಂದು ಅವರು. ನೀರು ಕಾಣದ ಕೋಣೆಯಲ್ಲಿ ಮಲಗಲು ಅಷ್ಟು ದೂರ ಯಾಕೆ ಹೋಗಬೇಕು ಎಂದು ಅಮ್ಮನವರು. ಅವರ ಮಾತೂ ಖರೆ. ಕೊನೆಗೆ ಮೂರು ದೇಶದ ಹಡಗು ಬಿಟ್ಟರು. ಸಿಂಗಪುರದಿಂದ ಎರಡು ರಾತ್ರಿಯ ಹಡಗು, ಬಾಲ್ಕನಿ ಇರುವ ಕೋಣೆ. ಹಡಗಿನಿಂದ ಇಳಿದ ಮೇಲೆ ಐದು ದಿನ ಮಲೇಷ್ಯಾದ ನೆಲದ ಮೇಲೆ, ಒಂದೇ ಲಾಡ್ಜಿನಲ್ಲಿ. ಬಾಟು ಗುಹೆಗಳ 272 ಮೆಟ್ಟಿಲನ್ನು ಮಾಸ್ತರರು ಹತ್ತುವುದು, ಅಮ್ಮನವರು ಕೆಳಗೆ ಸುಬ್ರಹ್ಮಣ್ಯನ ಎತ್ತರದ ಮೂರ್ತಿಯ ಮುಂದೆ ಕೂರುವುದು. ಮಗಳು ಮೊದಲು ಮುಖ ಸಣ್ಣ ಮಾಡಿದಳಂತೆ, ಎರಡೇ ದೇಶ ಆಯಿತಲ್ಲ ಎಂದು. ಪಾಸ್‌ಪೋರ್ಟುಗಳು ಬಂದಿವೆ.

ನೀವು ಇದುವರೆಗೆ ದೋಣಿಯಲ್ಲಿ ಒಂದು ತಾಸಿಗಿಂತ ಹೆಚ್ಚು ಕೂತಿಲ್ಲವಾದರೆ ಲಕ್ಷ ಕಟ್ಟುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬಹುದು. ಕೊಲ್ಲಾಪುರದ ಹತ್ತಿರದ ಸೋಮಶಿಲದಿಂದ ಶ್ರೀಶೈಲಕ್ಕೆ ತೆಲಂಗಾಣ ಪ್ರವಾಸೋದ್ಯಮದವರು ನೀರು ತುಂಬಿದ ಕಾಲದಲ್ಲಿ ಲಾಂಚು ಬಿಡುತ್ತಾರೆ, ಹೆಚ್ಚುಕಡಿಮೆ ಇಡೀ ಹಗಲಿನ ಪ್ರಯಾಣ. ಜಲಾಶಯದ ನೀರು ಸಮುದ್ರದಂತೆ ತೂಗುವುದಿಲ್ಲ, ಹೊಟ್ಟೆಯ ಪರೀಕ್ಷೆ ಅಲ್ಲಿ ಆಗುವುದಿಲ್ಲ. ಆದರೆ ಸಾಯಂಕಾಲದವರೆಗೆ ನೀರು ನೋಡುತ್ತ ಕೂರುವುದು ನಿಮಗೆ ಸುಖವೋ ಬೇಸರವೋ ಎಂಬುದು ಗೊತ್ತಾಗುತ್ತದೆ.

ಹೋಗುವುದೇ ನಿಶ್ಚಯವಾದರೆ ಫೋನು ಮತ್ತು ಗಡಿಯಾರದ ಬಗ್ಗೆ ಎರಡು ಮಾತು. ದಡ ಬಿಟ್ಟ ಮೇಲೆ ಫೋನು ತಾನೇ ಹಡಗಿನ ಉಪಗ್ರಹದ ಜಾಲ ಹಿಡಿದುಕೊಳ್ಳಬಹುದು, ಅದರ ದರ ಭಾರಿ. ಹತ್ತಿದ ಕೂಡಲೇ ವಿಮಾನದ ಗುರುತು ಇರುವ ಗುಂಡಿ ಒತ್ತಿ ಫೋನು ಬಂದ್ ಮಾಡಿಡಿ. ಇನ್ನು ಗಡಿಯಾರ. ಸಿಂಗಪುರದ ಸಮಯ ನಮಗಿಂತ ಎರಡೂವರೆ ತಾಸು ಮುಂದೆ, ಫುಕೆಟಿನದು ಒಂದೂವರೆ ತಾಸು ಮಾತ್ರ ಮುಂದೆ. ಹಡಗು ಸಿಂಗಪುರದ ಸಮಯವನ್ನೇ ಇಟ್ಟುಕೊಂಡಿದ್ದು, ನೀವು ಫುಕೆಟಿನ ಅಂಗಡಿಯ ಗೋಡೆ ಗಡಿಯಾರ ನಂಬಿದರೆ ಒಂದು ತಾಸು ತಡವಾಗಿ ಬರುತ್ತೀರಿ. ದಡದಲ್ಲಿ ಫೋನೂ ತಾನೇ ಸಮಯ ಬದಲಿಸಿಕೊಳ್ಳುತ್ತದೆ. ಆದ್ದರಿಂದ ಹಳೆಯ ಕೈಗಡಿಯಾರ ಒಂದನ್ನು ಕಟ್ಟಿಕೊಂಡು ಹೋಗಿ, ಇಳಿಯುವಾಗ ಬಾಗಿಲ ಹತ್ತಿರ ನಿಂತ ಹಡಗಿನ ನೌಕರನನ್ನು ಕೇಳಿ ಅದರ ಮುಳ್ಳು ಸರಿಮಾಡಿಕೊಳ್ಳಿ.